ನನ್ನ ಕಣ್ಣು ಚೆನ್ನಾಗಿರುವುದಕ್ಕೆ ಕ್ಷಮೆ ಕೋರಿ

ವಡಪಳನಿ, ಚೆನ್ನೈ
೧೯ ಆಗಸ್ಟ್ ೨೦೦೪

ಶ್ರಮಿಕ ಆರೋಗ್ಯ ವಿಮೆಯ ಅಂಗವೈಕಲ್ಯ ಪರೀಕ್ಷಾ ಮಂಡಳಿಯ ಘನ ಅಧ್ಯಕ್ಷರ ಸಮ್ಮುಖಕ್ಕೆ,

ಮಾನ್ಯರೇ,

ವಡಪಳನಿ ಮುರುಗನ ದಯೆಯಿಂದ ತಾವೂ ತಮ್ಮ ಮಂಡಳಿಯ ಇನ್ನಿಬ್ಬರು ವೈದ್ಯರೂ ಆರೋಗ್ಯದಿಂದಿರುವಿರೆಂದು ನಂಬಿದ್ದೇನೆ. ನಾನು, ನನ್ನ ಹೆಂಡತಿ ಕಲಾವತಿ ಮತ್ತು ಮಗಳು ಗಗನಾ ಇಲ್ಲಿ ಕ್ಷೇಮ ಎಂದು ಬರೆಯುವುದು ಹಿರಿಯರು ಕಲಿಸಿದ ಪದ್ಧತಿಯೇ ಆದರೂ, ಆ ಒಂದು ಮಾತನ್ನೇ ಹಿಡಿದುಕೊಂಡು 'ಕ್ಷೇಮವೆಂದು ಅರ್ಜಿದಾರನೇ ಒಪ್ಪಿಕೊಂಡಿದ್ದಾನೆ' ಎಂದು ತಾವು ನನ್ನ ಮೇಲ್ಮನವಿಯನ್ನು ವಜಾ ಮಾಡಿಬಿಟ್ಟರೆ ಏನು ಗತಿ ಎಂಬ ಹೆದರಿಕೆಯಿಂದ ಆ ಸಾಲನ್ನು ಬರೆಯುತ್ತಿಲ್ಲ. ತಾವು ಅನ್ಯಥಾ ಭಾವಿಸಬಾರದು.

ಈ ಪತ್ರ ಕನ್ನಡದಲ್ಲಿರುವುದಕ್ಕೂ ತಾವು ದೊಡ್ಡ ಮನಸ್ಸು ಮಾಡಬೇಕು. ಇಂಗ್ಲಿಷಿನಲ್ಲಿ ನಾಲ್ಕು ಸಲ, ತಮಿಳಿನಲ್ಲಿ ಮೂರು ಸಲ ತಮಗೆ ಬರೆದಿದ್ದೇನೆ. ಎರಡು ಭಾಷೆಯೂ ತಮ್ಮ ಕಚೇರಿಗೆ ಅರ್ಥವಾದಂತೆ ಕಾಣಲಿಲ್ಲ. ಅರ್ಥವಾಗದೇ ಇರುವುದಕ್ಕೆ ಈ ಸಲವಾದರೂ ತಮಗೊಂದು ನ್ಯಾಯವಾದ ಕಾರಣವಿರಲಿ ಎಂದು ಕನ್ನಡದಲ್ಲೇ ಬರೆದು, ಇಲ್ಲಿನ ಕನ್ನಡ ಸಂಘದ ಮಾಸಪತ್ರಿಕೆಗೂ ಒಂದು ಪ್ರತಿ ಕೊಡುತ್ತಿದ್ದೇನೆ. ರೈಲ್ವೆ, ಬ್ಯಾಂಕು ಎಂದು ಈ ಊರಿಗೆ ಬಂದು ನೆಲೆಸಿದ ನಮ್ಮವರು ನಾಲ್ಕು ಜನ ಓದಿಯಾರು.

ಮೊದಲು ಕೃತಜ್ಞತೆ ಸಲ್ಲಿಸಬೇಕು. ಕಳೆದ ತಿಂಗಳು ಇಪ್ಪತ್ತೆರಡನೇ ತಾರೀಕು ತಮ್ಮ ಮಂಡಳಿ ನನ್ನನ್ನು ಪರೀಕ್ಷಿಸಿ ಕೊಟ್ಟ ವರದಿಯಲ್ಲಿ ಹೀಗಿದೆ: 'ದೃಷ್ಟಿ ಅತ್ಯುತ್ತಮ. ಕತ್ತಲಲ್ಲೂ ಯಾರ ನೆರವಿಲ್ಲದೆ ಓಡಾಡಬಲ್ಲರು. ಅಂಗವೈಕಲ್ಯ: ಶೇಕಡಾ ಸೊನ್ನೆ.' ಸ್ವಾಮಿ, ನಾನು ಎಸ್ಸೆಸ್ಸೆಲ್ಸಿಯನ್ನು ಮೂರನೇ ಸಲಕ್ಕೆ ಪಾಸು ಮಾಡಿದವನು. ನನ್ನ ವಿಷಯದಲ್ಲಿ 'ಅತ್ಯುತ್ತಮ' ಎಂಬ ಪದವನ್ನು ಯಾವ ಮೇಷ್ಟರೂ ಬರೆದಿರಲಿಲ್ಲ. ವರದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಪಟದ ಹಿಂದೆ ಇಟ್ಟಿದ್ದೇನೆ. ಒಂದೇ ಒಂದು ಸಣ್ಣ ಕೊರತೆಯೆಂದರೆ, ನಾನು ತಮಗೆ ತೋರಿಸಲು ತಂದಿದ್ದು ಕಣ್ಣನ್ನಲ್ಲ, ಬೆರಳುಗಳನ್ನು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಮ್ಮ ಮಂಡ್ಯದ ಕಡೆ ಒಂದು ಮಾತಿದೆ. ತಾವು ಹಾಗೆ ಮಾಡಿದಿರೆಂದು ನಾನು ಖಂಡಿತ ಹೇಳುವುದಿಲ್ಲ. ತಾವು ಎಮ್ಮೆಗೆ ಬರೆ ಹಾಕಲಿಲ್ಲ. ಎಮ್ಮೆ ಬಹಳ ಚೆನ್ನಾಗಿದೆ ಎಂದು ಸರ್ಟಿಫಿಕೇಟು ಬರೆದು ಎತ್ತಿನ ಕೊರಳಿಗೆ ಕಟ್ಟಿ ಕಳಿಸಿದಿರಿ, ಅಷ್ಟೇ.

ನನ್ನ ಪರಿಚಯ ತಮ್ಮ ಕಡತದಲ್ಲಿ ಇರಬೇಕು. ಆದರೆ ಕಡತ ಯಾವ ಮೇಜಿನ ಮೇಲಿದೆಯೋ ಗೊತ್ತಿಲ್ಲವಾದ್ದರಿಂದ ಮತ್ತೆ ಹೇಳುತ್ತೇನೆ. ಹೆಸರು ತಮ್ಮಯ್ಯ. ಕನ್ನಡ ಸಿನಿಮಾದ ರೀಲುಗಳನ್ನು ತೊಳೆಯಲು ಮದ್ರಾಸಿಗೇ ತರಬೇಕಾಗಿದ್ದ ಕಾಲದಲ್ಲಿ ರೀಲಿನ ಡಬ್ಬಿ ಹೊತ್ತುಕೊಂಡು ಬಂದು, ಡಬ್ಬಿಯನ್ನು ಒಳಗೆ ಕೊಟ್ಟು, ನಾನೂ ಒಳಗೇ ಉಳಿದುಕೊಂಡೆ. ೧೯೮೨ರಲ್ಲಿ ಇಲ್ಲಿಯ ಒಂದು ಫಿಲ್ಮ್ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ದಿನವೇ ತಮ್ಮ ವಿಮೆಯ ಕಾರ್ಡು ಮಾಡಿಸಿದರು. ಬೇರೆಯವರ ಕಾಯಿಲೆಯನ್ನು ಕದ್ದುಕೊಂಡು ಬಂದು ಪರಿಹಾರ ಕೇಳುವ ಖದೀಮರಿರುತ್ತಾರಾದ್ದರಿಂದ ಕಾರ್ಡಿಗೆ ರುಜುವಿನ ಜೊತೆ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡರು. ಅಲ್ಲಿದ್ದ ವಯಸ್ಸಾದ ಗುಮಾಸ್ತರು ಅಚ್ಚನ್ನು ಬೆಳಕಿಗೆ ಹಿಡಿದು, 'ಚಕ್ರಂ ನಲ್ಲಾ ಇರುಕ್ಕುಪ್ಪಾ, ರಾಜಯೋಗಂ' ಎಂದು ಹರಸಿದರು. ಬೆರಳಿನಲ್ಲಿ ಚಕ್ರವಿದ್ದರೆ ಒಳ್ಳೆಯದೆಂದು ನಮ್ಮಜ್ಜಿಯೂ ಹೇಳುತ್ತಿದ್ದಳು. ನಾನು ನಂಬಿದೆ.

ಅಲ್ಲಿಂದ ಇಲ್ಲಿಯವರೆಗೆ ಇಪ್ಪತ್ತೆರಡು ವರ್ಷ, ತಿಂಗಳು ತಪ್ಪದಂತೆ, ನನ್ನ ಸಂಬಳದಿಂದ ಒಂದು ಪಾಲು ಮತ್ತು ಕಂಪನಿಯ ಕಡೆಯಿಂದ ಇನ್ನೊಂದು ಪಾಲು ತಮ್ಮ ನಿಧಿಗೆ ಬಂದು ಸೇರಿದೆ. ಈ ವಿಷಯದಲ್ಲಿ ತಮ್ಮ ದಕ್ಷತೆಯನ್ನು ಹೊಗಳಲು ನನ್ನ ಹತ್ತಿರ ಮಾತಿಲ್ಲ. ಹಿಡಿದುಕೊಳ್ಳುವಾಗ ತಾವು ಒಂದು ಸಲವೂ ಮೂರು ಪ್ರತಿ ಕೇಳಲಿಲ್ಲ, 'ಊಟ ಆದ್ಮೇಲೆ ವಾಂಗ' ಎಂದು ಮತ್ತೆ ಬರಹೇಳಲಿಲ್ಲ, ನನ್ನ ದೃಷ್ಟಿಯನ್ನು ಪರೀಕ್ಷಿಸಲಿಲ್ಲ. ವೇಲಚೇರಿಯ ತಮ್ಮ ಕಚೇರಿಯ ಮೆಟ್ಟಿಲ ಪಕ್ಕದಲ್ಲಿ ನಿಧಿ ವರ್ಷದಿಂದ ವರ್ಷಕ್ಕೆ ಹೇಗೆ ಬೆಳೆಯುತ್ತಿದೆಯೆಂದು ಬಣ್ಣದ ಗೆರೆ ಎಳೆದ ಫಲಕವೊಂದಿದೆ. ಅದರ ಕೆಳಗಿನ ಬೆಂಚಿನಲ್ಲಿ ಕೆಮ್ಮುವವರು, ಕುಂಟುವವರು, ಪಟ್ಟಿ ಕಟ್ಟಿಕೊಂಡವರು ಕೂತಿರುತ್ತಾರೆ. ಕಾಯಿಲೆಯವರಿಗಾಗಿ ಇಟ್ಟ ನಿಧಿ ಇಷ್ಟು ಗಟ್ಟಿಮುಟ್ಟಾಗಿರುವುದನ್ನು ನೋಡಿ ನಮಗೆಲ್ಲ ತುಂಬ ಸಂತೋಷವಾಗುತ್ತದೆ. ನಾವು ಮುಟ್ಟಿ ಅದಕ್ಕೆ ಸೋಂಕು ತಗುಲಿಸಬಾರದೆಂಬ ತಮ್ಮ ಕಾಳಜಿಯೂ ಅರ್ಥವಾಗುತ್ತದೆ.

ಇನ್ನು ನನ್ನ ಕೆಲಸ. ಕ್ಯಾಮೆರಾದಿಂದ ಬಂದ ನೆಗೆಟಿವ್ ಫಿಲ್ಮನ್ನು ತೊಳೆಯುವ ಯಂತ್ರಕ್ಕೆ ಏರಿಸುವುದು. ಇದನ್ನು ಪೂರ್ತಿ ಕತ್ತಲಲ್ಲಿ ಮಾಡಬೇಕು. ಒಂದು ಬೆಂಕಿಕಡ್ಡಿಯ ಬೆಳಕು ಬಿದ್ದರೂ ನೂರು ಜನ ಒಂದು ದಿನ ದುಡಿದದ್ದು ಸುಟ್ಟುಹೋಗುತ್ತದೆ. ಫಿಲ್ಮಿನ ಯಾವ ಮೈಯಲ್ಲಿ ಚಿತ್ರವಿದೆಯೆಂದು ತಿಳಿಯಲು ತುದಿಯನ್ನು ಒದ್ದೆ ತುಟಿಗೆ ಮುಟ್ಟಿಸಬೇಕು, ಅಂಟಿದ ಮೈ ಚಿತ್ರದ್ದು. ಆಮೇಲೆ ಅಂಚಿನ ತೂತುಗಳ ಮೇಲೆ ಬೆರಳಾಡಿಸುತ್ತ ಎಲ್ಲಾದರೂ ಹರಿದಿದೆಯೇ ಎಂದು ನೋಡಬೇಕು. ಒಂದು ತೂತು ಹರಿದಿದ್ದರೂ ಯಂತ್ರದೊಳಗೆ ಫಿಲ್ಮ್ ತುಂಡಾಗುತ್ತದೆ. 'ನೋಡಬೇಕು' ಎಂದು ಬರೆದೆ, ಕ್ಷಮಿಸಿ, ನಾವು ಹಾಗೇ ಹೇಳುವುದು. ನನಗೆ ಕೆಲಸ ಕಲಿಸಿದ ಸುಬ್ರಾಯರು ನಾನು ಕೈಗವಸು ಹಾಕಿಕೊಳ್ಳಲು ಹೋದಾಗ, 'ಯಾಕಪ್ಪಾ, ಕಣ್ಣಿಗೆ ಬಟ್ಟೆ ಕಟ್ಕೋತೀಯ?' ಎಂದು ಗದರಿಸಿದ್ದರು. ಇಪ್ಪತ್ತೆರಡು ವರ್ಷ ನನ್ನ ನಿಜವಾದ ಕಣ್ಣುಗಳು ದಿನಕ್ಕೆ ಎಂಟು ಗಂಟೆ ರಜೆಯಲ್ಲಿದ್ದವು. ಅವು ಅತ್ಯುತ್ತಮವಾಗಿರುವುದರಲ್ಲಿ ಏನು ಆಶ್ಚರ್ಯ?

ಆ ಕೋಣೆಯದೇ ಒಂದು ಮರ್ಯಾದೆಯಿದೆ. ಅದನ್ನು ಇಲ್ಲಿ ಹೇಳದಿದ್ದರೆ ಮುಂದಿನ ಅನಾಹುತ ತಮಗೆ ತಿಳಿಯುವುದಿಲ್ಲ. ಕತ್ತಲಲ್ಲಿ ನಡೆಯುವವನು 'ವರ್ರೇನ್, ವರ್ರೇನ್' ಎಂದು ಹೇಳುತ್ತಲೇ ನಡೆಯಬೇಕು. ನಾನು ಬರುತ್ತಿದ್ದೇನೆ, ದಾರಿ ಬಿಡಿ ಎಂದು. ಇಲ್ಲದಿದ್ದರೆ ಒಬ್ಬರ ತಲೆ ಇನ್ನೊಬ್ಬರ ತಲೆಗೆ ಡಿಕ್ಕಿ ಹೊಡೆಯುತ್ತದೆ. ಗೋಡೆ, ಮೇಜುಗಳನ್ನು ಮೊಣಕೈಯಿಂದ ಸವರಿಕೊಂಡು, ಹೆಜ್ಜೆ ಎಣಿಸಿಕೊಂಡು ಓಡಾಡುತ್ತೇವೆ. ಬೆರಳುಗಳನ್ನು ಫಿಲ್ಮಿಗೆಂದೇ ಮೀಸಲಿಡುತ್ತೇವೆ.

ಮೂರು ವರ್ಷದ ಹಿಂದೆ ಬೆರಳ ತುದಿಯ ಚರ್ಮ ಸುಲಿಯತೊಡಗಿತು. ಯಂತ್ರದೊಳಗೆ ಸಿಕ್ಕಿಕೊಂಡ ಫಿಲ್ಮ್ ಬಿಡಿಸಲು ತೊಳೆಯುವ ರಸಾಯನದಲ್ಲಿ ಅದ್ದಿ ಅದ್ದಿ ಹೀಗಾಗಿದೆ, ಎಲ್ಲರಿಗೂ ಇದ್ದದ್ದೇ ಎಂದು ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ. ಆಮೇಲೆ ಉರಿ ನಿಂತಿತು. ವಾಸಿಯಾಯಿತು ಎಂದುಕೊಂಡೆ, ದಡ್ಡ ನಾನು. ಉರಿ ಮಾತ್ರವಲ್ಲ, ಸ್ಪರ್ಶವೇ ನಿಂತುಹೋಗಿತ್ತು. ಈ ಜನವರಿಯಲ್ಲಿ ಒಂದು ದಿನ, ಹರಿದ ತೂತೊಂದು ನನ್ನ ಬೆರಳಡಿಯಲ್ಲೇ ಹಾದುಹೋದರೂ ನನಗೆ ಗೊತ್ತಾಗಲಿಲ್ಲ. ನಾನೂರು ಅಡಿ ಮದುವೆ ದೃಶ್ಯ ಯಂತ್ರದೊಳಗೆ ತುಂಡಾಗಿ ಗಂಟುಗಂಟಾಯಿತು. ಕತ್ತಲಲ್ಲೇ ನಿಂತು ಅತ್ತೆ, ಮಾನ್ಯರೇ. ಆ ಕೋಣೆಯಲ್ಲಿ ಅಳುವುದಕ್ಕೆ ಮುಖ ಮುಚ್ಚಿಕೊಳ್ಳಬೇಕಾಗಿಲ್ಲ. ಮಾರನೇ ದಿನ ನನ್ನನ್ನು ಗೇಟಿನ ಬಳಿ ಕುರ್ಚಿ ಹಾಕಿ ಕೂರಿಸಿದರು.

ತಮ್ಮ ಔಷಧಾಲಯದ ವೈದ್ಯರು ಕೆಲವು ವಾರ ರಜೆ ಬರೆದು ಕಾಯಿಲೆಯ ಭತ್ಯೆ ಕೊಡಿಸಿದರು. ಇಲ್ಲವೆಂದರೆ ಬಾಯಿ ಸೇದಿಹೋದೀತು. ಒಂದು ವಾರ ಅವರು 'ವಲಿಕ್ಕುದಾ?' ಎಂದು ಕೇಳಿದರು. ನೋವು ಇಲ್ಲ ಸಾರ್, ಏನೂ ಇಲ್ಲ, ಅದೇ ಕಷ್ಟ ಎಂದೆ. ಅವರು 'ನೋವಿಲ್ಲ, ಗುಣವಾಗಿದೆ' ಎಂದು ಬರೆದು ಭತ್ಯೆ ನಿಲ್ಲಿಸಿದರು. ಸುಳ್ಳು ಹೇಳಿ ನರಳಿದ್ದರೆ ಇನ್ನೊಂದು ತಿಂಗಳು ಬರುತ್ತಿತ್ತೆಂದು ಆಮೇಲೆ ಬೆಂಚಿನ ಮೇಲಿದ್ದವರು ತಿಳಿವಳಿಕೆ ಹೇಳಿದರು.

ಹೀಗಾಗಿ ಶಾಶ್ವತ ಅಂಗವೈಕಲ್ಯದ ಅರ್ಜಿ ಹಿಡಿದು ತಮ್ಮ ಕಚೇರಿಯ ಕೃಷ್ಣಮೂರ್ತಿಗಳ ಕೌಂಟರಿಗೆ ಹೋದೆ. ಅವರು ನಮ್ಮ ಕನ್ನಡದವರೇ, ಒಳ್ಳೆಯ ಮನುಷ್ಯರು. ಫಾರಮ್ಮಿನಲ್ಲಿ ಬೆರಳಿಗೆ ಒಂದೇ ಪ್ರಶ್ನೆಯಿತ್ತು: ಎಷ್ಟು ಗೆಣ್ಣು ತುಂಡಾಗಿದೆ? ನನ್ನ ಹತ್ತು ಬೆರಳೂ ಜಾಗದಲ್ಲೇ ಇದ್ದವು. 'ಕಾಲಮ್ಮಲ್ಲಿ ಇಲ್ದೆ ಇರೋ ಕಾಯ್ಲೆ ತಂದ್ರೆ ನಾನೇನ್ ಮಾಡ್ಲಿ ತಮ್ಮಯ್ಯನವ್ರೇ? ಹೋಗ್ಲಿ, ಕೆಲ್ಸ ಏನು?' ಎಂದು ಕೇಳಿದರು. ಕತ್ತಲೆ ಕೋಣೆಯಲ್ಲಿ, ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರ ಮುಖ ಅರಳಿತು. ಕತ್ತಲೆ ಎಂದ ಮೇಲೆ ಕಣ್ಣು, ಕಣ್ಣಿಗೆ ಕಾಲಂ ಇದೆ ಎಂದು, ನನಗೆ ಉಪಕಾರ ಮಾಡುವ ಸದುದ್ದೇಶದಿಂದಲೇ ನನ್ನನ್ನು ಕಣ್ಣಿನವರ ಪಟ್ಟಿಗೆ ಸೇರಿಸಿದರು. ಬೇಡ ಎನ್ನಬೇಕಿತ್ತು. ಒಳಗೆ ಡಾಕ್ಟರಿಗೆ ಬಿಡಿಸಿ ಹೇಳಿದರಾಯಿತು ಎಂದುಕೊಂಡೆ.

ಮಾನ್ಯರೇ, ಆ ದಿನ ತಮಗೂ ನೆನಪಿರಬೇಕು. ಎರಡು ಬಸ್ಸು ಬದಲಿಸಿ ಬಂದು, ನಾಲ್ಕು ಗಂಟೆ ಕೂತು, ಒಳಗೆ ಬಂದ ಕೂಡಲೇ ನಾನು ಕೈ ಚಾಚಿದೆ. ಕೈ ಕುಲುಕಲು ಚಾಚಿದೆನೆಂದು ತಿಳಿದು ತಾವು ಕುರ್ಚಿ ತೋರಿಸಿದಿರಿ. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದಿರಿ. ಕೊನೆಯ ಸಾಲಿನ ಇರುವೆಯಂಥ ತಮಿಳು ಅಕ್ಷರಗಳನ್ನೂ ನಾನು ಗಡಗಡನೆ ಓದಿಬಿಟ್ಟೆ. ಓದಬಾರದಿತ್ತು; ಆದರೆ ಮೂರು ಜನ ದೊಡ್ಡವರು ಕೂತು ಓದು ಎಂದಾಗ ಮೂರು ಸಲ ಎಸ್ಸೆಸ್ಸೆಲ್ಸಿ ಬರೆದವನು ಹೇಗೆ ಸುಮ್ಮನಿರಬಲ್ಲ? ನಂತರ ಬೆರಳಿನ ಮಾತೆತ್ತಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು.

ಕಿಟಕಿಗಳನ್ನೆಲ್ಲ ಮುಚ್ಚಿ ಪರದೆ ಎಳೆದಿದ್ದ ಆ ಕೋಣೆ ಗವ್ವೆಂದಿತು. ತಾವು ಮೂವರೂ ಕೂತಲ್ಲೇ ಕಲ್ಲಾದಿರಿ. ಒಬ್ಬ ವೈದ್ಯರು ನೀರಿನ ಲೋಟ ಉರುಳಿಸಿದ ಸದ್ದು ಕೇಳಿತು. ಇಪ್ಪತ್ತೆರಡು ವರ್ಷದ ಅಭ್ಯಾಸ ಸ್ವಾಮಿ, ನನಗೆ ಯೋಚನೆಯೇ ಬರಲಿಲ್ಲ. 'ವರ್ರೇನ್, ವರ್ರೇನ್' ಎಂದು ಕೂಗುತ್ತ ಎದ್ದು, ತಮ್ಮ ಮೂರು ಕುರ್ಚಿಗಳನ್ನು ಬಳಸಿಕೊಂಡು ಹೋಗಿ, ಮೊಣಕೈಯಿಂದ ಪರದೆ ಸರಿಸಿ, ಚಿಲಕವನ್ನು ಅಂಗೈಯ ಬುಡದಿಂದ ತಳ್ಳಿ ಕಿಟಕಿ ತೆರೆದೆ. ಬೆಳಕು ಬಂದಾಗ ತಾವು ಎಷ್ಟು ಮೆಚ್ಚಿಕೊಂಡಿರಿ! 'ಕಣ್ಣು ಸೂಪರಾ ಇರುಕ್ಕು' ಎಂದು ಎಡಗಡೆಯ ವೈದ್ಯರು ಹೇಳಿದರು. ನಾನು ಹಲ್ಲುಕಿರಿದು ನಿಂತಿದ್ದೆ, ಥೂ ನನ್ನ ಬುದ್ಧಿಗಿಷ್ಟು! ತಾವು ಆಗಲೇ ಬರೆಯಲು ಶುರುಮಾಡಿದ್ದಿರಿ.

ಆ ಸೊನ್ನೆಯಿಂದ ಮುಂದೆ ಏನಾಯಿತೆಂದು ತಮಗೆ ಯಾರೂ ತಿಳಿಸಿರಲಾರರು. ವರದಿ ಲ್ಯಾಬಿಗೆ ತಲುಪಿತು. ಅಂಗವೈಕಲ್ಯವಿಲ್ಲವೆಂದು ಸರ್ಕಾರವೇ ಹೇಳಿರುವಾಗ ಗೇಟಿನ ಕುರ್ಚಿ ಯಾಕೆ, ಸೆಪ್ಟೆಂಬರ್ ಒಂದರಿಂದ ಕತ್ತಲೆ ಕೋಣೆಗೆ ವಾಪಸು ಹೋಗು, ಇಲ್ಲವೇ ಕೆಲಸ ಬಿಡು ಎಂದು ಮ್ಯಾನೇಜರು ಹೇಳಿದ್ದಾರೆ. ಒಳಗೆ ಹೋದರೆ ಇನ್ನೊಬ್ಬರ ಮದುವೆಯೋ ಮರಣವೋ ನನ್ನ ಕೈಯಲ್ಲಿ ಹಾಳಾಗುತ್ತದೆ. ಹೋಗದಿದ್ದರೆ ಕಲಾವತಿ ಸೀರೆಗೆ ಫಾಲ್ಸ್ ಹೊಲಿದು ತರುವುದರಲ್ಲಿ ಮೂರು ಜನ ಬದುಕಬೇಕು. ಮೇಲ್ಮನವಿ ಹಾಕಿದ್ದೇನೆ. ಸೆಪ್ಟೆಂಬರ್ ಒಂದಕ್ಕೆ ಇನ್ನು ಹದಿಮೂರು ದಿನವಿದೆ.

ಆದ್ದರಿಂದ ಕೆಲವು ವಿನಮ್ರ ಕೋರಿಕೆಗಳು. ತಾವು ದಯಮಾಡಿ ಮುಂದಿನ ಸಭೆಯನ್ನು ನಮ್ಮ ಕತ್ತಲೆ ಕೋಣೆಯಲ್ಲೇ ನಡೆಸಬೇಕು. ಕಾಫಿಯ ವ್ಯವಸ್ಥೆ ನನ್ನದು, ಲೋಟ ಉರುಳಿದರೂ ಯಾರೂ ಏನೂ ಅನ್ನುವುದಿಲ್ಲ. ತಾವು ಮೂವರೂ ದಪ್ಪ ಕೈಗವಸು ಹಾಕಿಕೊಂಡು, ಒಂದೊಂದು ಫಿಲ್ಮ್ ಸುರುಳಿ ಹಿಡಿದು, ಎಲ್ಲಿ ತೂತು ಹರಿದಿದೆಯೆಂದು ತಮ್ಮ ಅತ್ಯುತ್ತಮ ಕಣ್ಣುಗಳಿಂದ ಕಂಡುಹಿಡಿದರೆ, ನಾನು ಸೊನ್ನೆಯನ್ನು ತಲೆಯ ಮೇಲೆ ಹೊತ್ತು ಒಪ್ಪಿಕೊಳ್ಳುತ್ತೇನೆ. ಅದು ಅನುಕೂಲವಾಗದಿದ್ದರೆ, ನನ್ನ ಕಣ್ಣಿನಲ್ಲಿ ಹೆಚ್ಚಾಗಿರುವ ಆರೋಗ್ಯದಲ್ಲಿ ಸ್ವಲ್ಪವನ್ನು ಬೆರಳಿಗೆ ವರ್ಗಾಯಿಸಲು ಆದೇಶ ಹೊರಡಿಸಬೇಕು. ವರ್ಗಾವಣೆ ಮಾಡುವುದರಲ್ಲಿ ಸರ್ಕಾರಕ್ಕಿರುವ ಅನುಭವ ಇನ್ನಾರಿಗಿದೆ? ಅದೂ ಆಗದೆಂದರೆ ಗೆಣ್ಣಿನ ಲೆಕ್ಕಕ್ಕೆ ನಾನೇ ಒಂದೆರಡು ಗೆಣ್ಣು ತೆಗೆಸಿಕೊಂಡು ಬರಬೇಕೋ, ಯಾವ ಕೈಯದು, ಎಷ್ಟು ಪ್ರತಿ ಎಂಬುದನ್ನು ಮುಂಚಿತವಾಗಿ ತಿಳಿಸಬೇಕು. ನನಗೆ ನೋವಾಗುವುದಿಲ್ಲ. ಹಾಗೆಂದು ತಮ್ಮ ವೈದ್ಯರೇ ಬರೆದುಕೊಟ್ಟಿದ್ದಾರೆ.

ಇಷ್ಟು ಹೊತ್ತು ಕೊಂಕು ಮಾತಾಡಿದೆ. ಒಂದು ಸಂಗತಿಯನ್ನು ಕೊಂಕಿಲ್ಲದೆ ಹೇಳುತ್ತೇನೆ. ಹೋದ ವಾರ ಬೆಳಿಗ್ಗೆ ನನ್ನ ಮಗಳು ಗಗನಾ ಶಾಲೆಗೆ ಹೊರಡದೆ ಮುದುರಿಕೊಂಡು ಕೂತಿದ್ದಳು. ಒಂಬತ್ತನೇ ಕ್ಲಾಸು, ಅವತ್ತು ಗಣಿತದ ಪರೀಕ್ಷೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳುವವಳು: 'ಅಪ್ಪಾ, ಜುರಂ ಅಡಿಕ್ಕುದುಪ್ಪಾ.' ಹಣೆ ಮುಟ್ಟಿ ನೋಡಿದೆ. ತಣ್ಣಗಿದೆಯೋ ಬಿಸಿಯಿದೆಯೋ ಎಂದಲ್ಲ, ಹಣೆ ಇದೆ ಎಂಬುದೇ ನನ್ನ ಬೆರಳಿಗೆ ತಿಳಿಯಲಿಲ್ಲ. ಆದರೆ ಅದನ್ನು ಒಪ್ಪಿಕೊಳ್ಳಲಾರದೆ, ಜ್ವರವೂ ಇಲ್ಲ ಮಣ್ಣೂ ಇಲ್ಲ, ನೆಪ ಹೇಳ್ಬೇಡ, ಹೊರಡು ಎಂದು ಗದರಿಸಿ ಕಳಿಸಿದೆ. ಹನ್ನೊಂದು ಗಂಟೆಗೆ ಶಾಲೆಯವರು ಆಟೋದಲ್ಲಿ ಮಲಗಿಸಿಕೊಂಡು ತಂದರು, ನೂರಮೂರು ಡಿಗ್ರಿ. ಕಲಾವತಿ ಮಗುವಿನ ಕೆನ್ನೆಗೆ ಕೈಯಿಟ್ಟು, 'ಬೆಂಕಿಯಾಗಿದೆಯಲ್ರೀ, ನಿಮ್ ಕೈಗೇನ್ ಬಂದಿತ್ತು?' ಎಂದು ಕೂಗಿದವಳು ಅರ್ಧಕ್ಕೇ ನಿಲ್ಲಿಸಿದಳು. ನನ್ನ ಬೆರಳುಗಳ ಸ್ಥಿತಿ ಅವಳಿಗೆ ನೆನಪಾಯಿತು. ಆಮೇಲೆ ಆ ದಿನವೆಲ್ಲ ನನ್ನ ಮುಖ ನೋಡಲಿಲ್ಲ. ನಾನು ಮಗಳಿಗೆ ಮಾಡಿದ್ದನ್ನೇ ತಾವು ನನಗೆ ಮಾಡಿದ್ದೀರಿ, ಮಾನ್ಯರೇ. ನನಗಾದರೂ ನಾಚಿಕೆಯಾಯಿತು. ಮಗು ಈಗ ಸುಧಾರಿಸಿಕೊಂಡಿದೆ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ನನ್ನದು ಹುಣ್ಣೂ ಅಲ್ಲ, ಕಾಣುವುದೂ ಇಲ್ಲ. ಕನ್ನಡಿ ಹಿಡಿದರೂ ತಮಗೆ ಒಳ್ಳೆಯ ಹತ್ತು ಬೆರಳೇ ಕಂಡಾವು. ಆದರೂ ತಾವು ಒಂದು ಸಲ ನನ್ನ ಕೈ ಹಿಡಿದು ನೋಡಬಹುದಿತ್ತು. ಅಷ್ಟೇ ಕೇಳಿಕೊಂಡು, ತಮ್ಮ ನಿಧಿ ಇನ್ನೂ ನೂರು ವರ್ಷ ಒಂದು ನೆಗಡಿಯೂ ಬಾರದಂತೆ ಬಾಳಲಿ ಎಂದು ಹಾರೈಸಿ ಮುಗಿಸುತ್ತೇನೆ.

ಇಪ್ಪತ್ತೆರಡು ವರ್ಷದಿಂದ ಒಂದು ತಿಂಗಳೂ ತಪ್ಪದ ತಮ್ಮ ವಿಶ್ವಾಸಿ,
ತಮ್ಮಯ್ಯ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಂಚೆಯವರು ತಮ್ಮ ಕಚೇರಿಯ ಪತ್ರ ತಂದುಕೊಟ್ಟರು. ನನ್ನ ಮೇಲ್ಮನವಿ ವಾಪಸು ಬಂದಿದೆ. ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: '೧೯೮೨ರ ಮೂಲ ಕಾರ್ಡಿನ ಹೆಬ್ಬೆಟ್ಟಿಗೂ ಮೇಲ್ಮನವಿಯ ಹೆಬ್ಬೆಟ್ಟಿಗೂ ತಾಳೆಯಾಗುವುದಿಲ್ಲ. ಎರಡನೆಯದರಲ್ಲಿ ಗೆರೆಗಳೇ ಇಲ್ಲ. ಅರ್ಜಿದಾರರು ತಮ್ಮ ಸ್ವಂತ ಹೆಬ್ಬೆರಳಿನಿಂದಲೇ ಒತ್ತಿ ಕಳುಹಿಸತಕ್ಕದ್ದು.' ಇದನ್ನು ಬರೆದ ಪುಣ್ಯಾತ್ಮರು ಯಾರೋ ತಿಳಿಯದು. ಅವರಿಗೆ ನನ್ನ ಸಾಷ್ಟಾಂಗ ನಮಸ್ಕಾರ ತಿಳಿಸಬೇಕು. ಮೂವರು ವೈದ್ಯರಿಗೆ ಸಿಗದ ನನ್ನ ಕಾಯಿಲೆಯನ್ನು ಅವರು ಕೂತಲ್ಲೇ ಕಂಡುಹಿಡಿದು, ತಮ್ಮ ಕಚೇರಿಯ ಮೊಹರು ಹಾಕಿ ಬರೆದುಕೊಟ್ಟಿದ್ದಾರೆ. ಆ ಪತ್ರವನ್ನೇ ವೈದ್ಯಕೀಯ ಪ್ರಮಾಣಪತ್ರವೆಂದು ಲಗತ್ತಿಸಿ ಮೇಲ್ಮನವಿಯನ್ನು ಮತ್ತೆ ಕಳಿಸುತ್ತಿದ್ದೇನೆ. ಈ ಹಾಳೆಯ ಕೊನೆಗೂ ಒಂದು ಹೆಬ್ಬೆಟ್ಟು ಒತ್ತಿದ್ದೇನೆ, ನನ್ನ ಸ್ವಂತದ್ದೇ. ಹಳೆಯ ಕಾರ್ಡಿನ ಚಕ್ರದ ಪಕ್ಕದಲ್ಲಿಟ್ಟು ನೋಡಿ. ಈ ಪರೀಕ್ಷೆಗೆ ಕಣ್ಣಿನ ಡಾಕ್ಟರೇ ಸಾಕು.